ಎರಕ ಹೊಯ್ಯುವ ಮೊದಲೇ ಗಂಟೆಯ ಶ್ರುತಿ ಲೆಕ್ಕ ಹಾಕುವುದು ಹೇಗೆ?

ದೇವಸ್ಥಾನಕ್ಕೆ ಜೋಡಿ ಗಂಟೆ ಮಾಡಿಸುವವರು ಸಾಮಾನ್ಯವಾಗಿ ತೂಕ ಹೇಳಿ ಆರ್ಡರ್ ಕೊಡುತ್ತಾರೆ. ‘ಒಂದು ನೂರು ಕೆ.ಜಿ., ಇನ್ನೊಂದು ಇನ್ನೂರು’ ಅಂತ. ತೂಗುಹಾಕಿ ಬಾರಿಸಿದಾಗ ಎರಡರ ನಾದ ಒಂದಕ್ಕೊಂದು ಹೊಂದುವುದಿಲ್ಲ. ಆಮೇಲೆ ಎರಕದವರ ಮೇಲೆ ಸಿಟ್ಟು. ಆದರೆ ಬರೀ ತೂಕ ಹೇಳಿದರೆ ಶ್ರುತಿ ಗೊತ್ತಾಗುವುದಿಲ್ಲ. ಆಕಾರ, ಬಾಯಿಯ ಅಗಲ, ದಪ್ಪ, ಲೋಹ, ಈ ನಾಲ್ಕೂ ಗೊತ್ತಿರಬೇಕು. ಆಗ ಶ್ರುತಿಯನ್ನು ಕಾಗದದ ಮೇಲೇ ಹೇಳಬಹುದು.

ಹಂತ 1: ಮಾದರಿ ಗಂಟೆ ಆರಿಸಿ. ನಾದ ನಿಮಗೆ ಇಷ್ಟವಾದ, ಬಿರುಕಿಲ್ಲದ ಗಂಟೆ ಬೇಕು. ಬಾಯಿಯ ಅಗಲ, ಎತ್ತರ, ಅಂಚಿನ ದಪ್ಪ, ಹೆಗಲಿನ ದಪ್ಪ ಅಳೆದು ಬರೆದುಕೊಳ್ಳಿ.

ಹಂತ 2: ಅದರ ನಾದ ಅಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿ, ಒಮ್ಮೆ ಬಾರಿಸಿ, ಅದು ತೋರಿಸಿದ ಒಂದೇ ಸಂಖ್ಯೆಯನ್ನು ನಂಬಿಬಿಡುತ್ತಾರೆ. ಗಂಟೆಯಲ್ಲಿ ಒಂದು ಸ್ವರ ಇರುವುದಿಲ್ಲ, ಹಲವು ಸ್ವರಗಳು ಒಟ್ಟಿಗೆ ಏಳುತ್ತವೆ. ಶ್ರುತಿ ಮಾಡಿದ ಯುರೋಪಿನ ಚರ್ಚ್ ಗಂಟೆಯಲ್ಲಿ ಮುಖ್ಯವಾದ ಐದು ಸ್ವರಗಳು 0.5, 1, 1.2, 1.5, 2 ಈ ಅನುಪಾತದಲ್ಲಿ ಇರುತ್ತವೆ. ಬಾರಿಸಿದ ಕ್ಷಣ ಕಿವಿ ಹಿಡಿಯುವ ಶ್ರುತಿ ಹೆಚ್ಚುಕಡಿಮೆ ಕೊನೆಯದರ ಅರ್ಧ. ನೆದರ್ಲೆಂಡ್ಸ್‌ನಲ್ಲಿ ಗಂಟೆ ಎರಕ ಹೊಯ್ಯುತ್ತಿದ್ದ ಹೆಮೊನಿ ಸಹೋದರರು ಸಂಗೀತಗಾರ ಯಾಕೊಬ್ ವಾನ್ ಐಕ್ ಜೊತೆ ಸೇರಿ, 1644ರಲ್ಲಿ ಜುಟ್ಫೆನ್ ಊರಿಗೆ ಹೀಗೆ ಶ್ರುತಿ ಮಾಡಿದ ಗಂಟೆಗಳನ್ನು ಕೊಟ್ಟರು. ನಮ್ಮ ದೇವಸ್ಥಾನದ ಗಂಟೆಗಳ ಆಕಾರ ಬೇರೆ, ಅನುಪಾತವೂ ಬೇರೆ. ಹಾಗಾಗಿ ಅವರ ತೂಕ–ಸ್ವರದ ಪಟ್ಟಿ ಇಟ್ಟುಕೊಂಡು ಇಲ್ಲಿ ಲೆಕ್ಕ ಹಾಕಬೇಡಿ.

ಟ್ಯೂನರ್ ಬೇಡ, ಸ್ವರಗಳನ್ನೆಲ್ಲ ಗ್ರಾಫಿನಲ್ಲಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಹಾಕಿಕೊಳ್ಳಿ. ಉಚಿತವಾದದ್ದೇ ಸಾಕು. ಗಂಟೆ ನೇತಾಡುತ್ತಿರಬೇಕು, ನೆಲಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಅಂಚಿನ ದಪ್ಪ ಭಾಗಕ್ಕೆ ಮರದ ಸುತ್ತಿಗೆಯಿಂದ ಹೊಡೆಯಿರಿ. ಗ್ರಾಫಿನಲ್ಲಿ ಎದ್ದು ಕಾಣುವ ಶಿಖರಗಳನ್ನೆಲ್ಲ ಬರೆದುಕೊಳ್ಳಿ. ಈಗ ಸುತ್ತಿನ ಎಂಟನೇ ಒಂದು ಭಾಗ ಸರಿದು ಮತ್ತೆ ಹೊಡೆಯಿರಿ. ಕೆಳಗಿನ ಶಿಖರ ಸ್ವಲ್ಪ ಜರುಗಿದರೆ ಗಂಟೆ ಪೂರ್ತಿ ಗುಂಡಗಿಲ್ಲ ಅಂತ ಅರ್ಥ. ಹತ್ತಿರದ ಎರಡು ಕಂಪನಗಳು ಸೇರಿ ನಾದ ಅಲೆಅಲೆಯಾಗಿ ಕೇಳುತ್ತದೆ, ಅಲ್ವಾ, ಅದರ ಕಾರಣ ಇದೇ. ಜರುಗುವುದು ಜಾಸ್ತಿ ಇದ್ದರೆ ಬೇರೆ ಮಾದರಿ ಹುಡುಕಿ. ಕೊನೆಗೆ ತಂಬೂರಿ ಹಿಡಿದು, ಹಾಡುವವರೊಬ್ಬರನ್ನು ಕೂರಿಸಿಕೊಂಡು, ಕಿವಿಗೆ ಯಾವ ಶ್ರುತಿ ಕೇಳುತ್ತದೆ ಎಂದು ಗುರುತು ಮಾಡಿ. ಆ್ಯಪ್ ಒಂದೇ ಈ ಕೆಲಸಕ್ಕೆ ಸಾಲದು.

ಹಂತ 3: ಅಳತೆ ಬದಲಿಸಿ. ಆಕಾರ, ಲೋಹ ಎರಡೂ ಅದೇ ಇದ್ದರೆ, ಎಲ್ಲ ಅಳತೆ ಎಷ್ಟು ಪಟ್ಟು ಹೆಚ್ಚುತ್ತದೋ ಕಂಪನ ಅಷ್ಟೇ ಪಟ್ಟು ಇಳಿಯುತ್ತದೆ. ಎಲ್ಲ ಶಿಖರಗಳೂ ಒಟ್ಟಿಗೆ ಇಳಿಯುವುದರಿಂದ ನಾದದ ಬಣ್ಣ ಕೆಡುವುದಿಲ್ಲ.

ಮಾದರಿ ಗಂಟೆಯ ಬಾಯಿ 60 ಸೆಂ.ಮೀ., ಅಂಚು 4.5 ಸೆಂ.ಮೀ., ತೂಕ 125 ಕೆ.ಜಿ., ಶ್ರುತಿ 700 ಹರ್ಟ್ಜ್ ಅಂತಿಟ್ಟುಕೊಳ್ಳಿ. ಅದು ಷಡ್ಜವಾದರೆ ಅದರ ಕೆಳಗಿನ ಪಂಚಮ 525. 700ನ್ನು 525ರಿಂದ ಭಾಗಿಸಿದರೆ 1.333. ಹೊಸ ಬಾಯಿ 80 ಸೆಂ.ಮೀ., ಅಂಚು 6 ಸೆಂ.ಮೀ. ತೂಕವನ್ನು ಮಾತ್ರ ಈ 1.333ರಿಂದ ಮೂರು ಸಲ ಗುಣಿಸಬೇಕು, ಸುಮಾರು 296 ಕೆ.ಜಿ.

ಈ ತೂಕ ನೋಡಿ ಖರ್ಚು ಉಳಿಸಲು ದಪ್ಪ ಕಡಿಮೆ ಮಾಡುವವರಿದ್ದಾರೆ. ಬೇಡ. ಶ್ರುತಿ ದಪ್ಪದ ಜೊತೆ ಏರುತ್ತದೆ, ಅಗಲದ ವರ್ಗದಷ್ಟು ಇಳಿಯುತ್ತದೆ. ಬಾಯಿ 80 ಮಾಡಿ ದಪ್ಪ 4.5ರಲ್ಲೇ ಬಿಟ್ಟರೆ ಸುಮಾರು 394 ಹರ್ಟ್ಜ್ ಬರುತ್ತದೆ. ಪಂಚಮ ಕೇಳಿದವರಿಗೆ ಮಂದ್ರದ ಚತುಶ್ರುತಿ ರಿಷಭ ಸಿಗುತ್ತದೆ! ದುಡ್ಡು ಸಾಲದಿದ್ದರೆ ಚಿಕ್ಕ ಗಂಟೆ ಮಾಡಿಸಿ, ತೆಳು ಗಂಟೆ ಬೇಡ.

ಹಂತ 4: ಲೋಹ. ನೂರಕ್ಕೆ 78 ತಾಮ್ರ, 22 ತವರ. ನನ್ನ ಮಟ್ಟಿಗೆ ಗಂಟೆಗೆ ಬೇರೆ ಲೋಹವೇ ಬೇಡ. ಪಂಚಲೋಹ ಅಂತ ಹೇಳಿ ಹಿತ್ತಾಳೆ ಮಾರುವವರು ಇದ್ದಾರೆ. ಅದರ ನಾದ ಬೇಗ ಸಾಯುತ್ತದೆ, ಮೇಲಿನ ಲೆಕ್ಕವೂ ತಪ್ಪುತ್ತದೆ. ಭಕ್ತರು ಹರಕೆಯ ಬೆಳ್ಳಿ ಹಾಕುವುದಾದರೆ ಚಿಟಿಕೆಯಷ್ಟು ಹಾಕಲಿ, ಬೆಳ್ಳಿಯಿಂದ ನಾದ ಹೆಚ್ಚುವುದಿಲ್ಲ.

ಹಂತ 5: ಅಚ್ಚಿನ ಅಳತೆ. ಕಂಚು ಆರುವಾಗ ನೂರಕ್ಕೆ ಸುಮಾರು ಒಂದೂವರೆ ಕುಗ್ಗುತ್ತದೆ. ಹಾಗಾಗಿ 80 ಸೆಂ.ಮೀ. ಗಂಟೆಗೆ ಅಚ್ಚು 81.2 ಸೆಂ.ಮೀ. ಇರಬೇಕು. ಮರೆತರೆ ಶ್ರುತಿ ಅರ್ಧಸ್ವರದ ಕಾಲು ಭಾಗ ಮೇಲೆ ಹೋಗುತ್ತದೆ. ಎರಕದವರು ತಮ್ಮ ಲೋಹಕ್ಕೆ ಎಷ್ಟು ಬಿಡುತ್ತಾರೆ ಎಂದು ಕೇಳಿ, ಅದನ್ನೇ ಹಿಡಿಯಿರಿ.

ಇದರ ಮೇಲೆ ಇನ್ನೊಂದು ಸೇರಿಸಿ. ಒಳಗೋಡೆ ಕೆರೆದರೆ ಶ್ರುತಿ ಇಳಿಯುತ್ತದೆ. ಇಳಿದದ್ದನ್ನು ಏರಿಸುವುದು ಬಹಳ ಕಷ್ಟ. ಆದ್ದರಿಂದ ಗುರಿಯನ್ನೇ ಸ್ವಲ್ಪ ಮೇಲಿಡಿ. ದಪ್ಪವನ್ನು ನೂರಕ್ಕೆ ಮೂರರಷ್ಟು ಹೆಚ್ಚಿಸಿ, ಅಂದರೆ ಅಂಚು ಸುಮಾರು 6.2 ಸೆಂ.ಮೀ. ಆಗ ಗಂಟೆ 540ರ ಆಸುಪಾಸಿನಲ್ಲಿ ಹುಟ್ಟುತ್ತದೆ.

ಹೊಸ ಆಕಾರವೇ ಬೇಕೆಂದರೆ ಈ ಗುಣಾಕಾರ ಸಾಲದು, ಕಂಪ್ಯೂಟರಿನಲ್ಲಿ ಗಂಟೆಯನ್ನು ಸಣ್ಣ ತುಂಡುಗಳಾಗಿ ಒಡೆದು ಕಂಪನ ಲೆಕ್ಕ ಹಾಕಬೇಕು. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಹೀಗೆಯೇ ಹಂತ 2ರಲ್ಲಿ ಹೇಳಿದ 1.2ರ ಅನುಪಾತದ ಜಾಗದಲ್ಲಿ 1.25 ಬರುವ ಹೊಸ ಗಂಟೆಯ ವಿನ್ಯಾಸ ಮಾಡಿದರು.

ಹಂತ 6: ಕೆರೆದು ಇಳಿಸಿ. ಗಂಟೆ ಪೂರ್ತಿ ತಣ್ಣಗಾಗಲಿ. ಬಿಸಿ ಇದ್ದರೆ ಶ್ರುತಿ ಕೆಳಗೆ ತೋರಿಸುತ್ತದೆ. ತೂಗುಹಾಕಿ, ಹಂತ 2ರಂತೆಯೇ ಅಳೆಯಿರಿ. ಲೇತಿಗೆ ಕಟ್ಟಿ ಒಳಗಿನಿಂದ ಸುತ್ತಲೂ ಸಮವಾಗಿ ತೆಳುವಾಗಿ ಕೆರೆಯಿಸಿ, ಮತ್ತೆ ಅಳೆಯಿರಿ. ಎಲ್ಲಿ ಕೆರೆದಾಗ ಯಾವ ಶಿಖರ ಎಷ್ಟು ಇಳಿಯಿತು ಎಂದು ಪ್ರತಿ ಸಲ ಬರೆದಿಡಿ. 530 ದಾಟಿ ಕೆಳಗೆ ಬಂದ ಮೇಲೆ ಕೈಯಿಂದಲೇ ಕೆರೆಯಿರಿ, ಲೇತ್ ಬೇಡ.