ಪೆನ್ನನ್ನೂ ಕಟ್ಟಬೇಕು

ನಮ್ಮೂರಿನ ಗ್ರಂಥಾಲಯ ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ. ಅದರ ಜಗಲಿಯ ಗೋಡೆಗೆ ತಿಂಗಳಿಗೊಮ್ಮೆ ನಾನು ಕೈಬರಹದ ಪತ್ರಿಕೆ ಅಂಟಿಸುತ್ತೇನೆ. ಓದಿದವರು ಬರೆಯಲಿ ಎಂದು ಪಕ್ಕದಲ್ಲೇ ಒಂದು ನೋಟ್‌ಪುಸ್ತಕ ನೇತುಹಾಕಿದ್ದೇನೆ. ಪೆನ್ನನ್ನೂ ಕಟ್ಟಬೇಕು ಅಂತ ಗೊತ್ತಾದದ್ದು ಮೂರು ಪೆನ್ನು ಹೋದ ಮೇಲೆ.

ಮೊದಲ ವರ್ಷ ಹಿಡಿಸದ ಮಾತಿಗೆಲ್ಲ ಮಸಿ ಬಳಿದೆ. ಬಂದವರು ಪತ್ರಿಕೆ ಬಿಟ್ಟು ಆ ಪುಟವನ್ನೇ ಬೆಳಕಿಗೆ ಹಿಡಿದು ನೋಡತೊಡಗಿದರು. ಈಗ ನನಗೆ ಬೈದದ್ದು ಹಾಗೇ ಇರುತ್ತದೆ. ಇನ್ನೊಬ್ಬರ ಮನೆ ವಿಷಯವೋ ಜಾತಿಯೋ ಬಂದರೆ ಮಾತ್ರ ಹಾಳೆ ಹರಿಯುತ್ತೇನೆ, ಅದೂ ಬರೆದವರಿಗೆ ಹೇಳಿಯೇ. ಹೆಸರು ಹಾಕದಿದ್ದರೂ ಅಕ್ಷರದಲ್ಲೇ ಆಳು ಗೊತ್ತಾಗುತ್ತದೆ. ಅರ್ಧ ಊರಿಗೆ ಅಕ್ಷರ ತಿದ್ದಿಸಿದವನು ನಾನೇ ಅಲ್ವಾ.

ಕೆಲವರು ತುಳುವಿನಲ್ಲಿ, ಕೆಲವರು ಹವ್ಯಕದಲ್ಲಿ ಬರೆಯುತ್ತಾರೆ. ಮಲಯಾಳದಲ್ಲಿ ಬಂದರೆ ಮಲಯಾಳದಲ್ಲೇ ಉತ್ತರಿಸುತ್ತೇನೆ, ನನ್ನ ಲಿಪಿ ಸೊಟ್ಟವಾದರೂ. ಒಮ್ಮೆ ಊರಿನ ಹೆಸರು ಕುಂಬಳೆಯೋ ಕುಂಬಳವೋ ಎಂಬ ಜಗಳ ಹನ್ನೊಂದು ಪುಟ ನಡೆಯಿತು. ನಾನು ಸುಮ್ನೆ ಇದ್ದೆ. ನಡುವೆ ಯಾರೋ ಅವತ್ತಿನ ಅಡಿಕೆ ದರ ಬರೆದರು. ಜಗಳ ಅಲ್ಲಿಗೇ ನಿಂತಿತು.

ಹೊಗಳಿಕೆ ಜಾಸ್ತಿ ಬರುತ್ತದೆ, ಅದರಿಂದ ಪ್ರಯೋಜನ ಕಡಿಮೆ. ಒಂದು ಮೇ ತಿಂಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಬಗ್ಗೆ ಬರೆದಿದ್ದೆ. ಅಳತೆ ಸರಿಯಿತ್ತು: 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಆದರೆ ಸುಣ್ಣದ ನೀರನ್ನು ತುತ್ತಿನ ನೀರಿಗೆ ಹೊಯ್ಯಿರಿ ಎಂದುಬಿಟ್ಟಿದ್ದೆ. ‘ಚಂದ ಉಂಟು’ ಎಂದು ಆರು ಜನ ಬರೆದರು. ಏಳನೆಯವರು ಒಬ್ಬ ಹಿರಿಯ ಕೃಷಿಕರು: "ಮಾಷ್ಟ್ರೇ, ತಿರುಗಾ ಬರೆದಿದ್ದೀರಿ. ತುತ್ತಿನ ನೀರನ್ನೇ ಸುಣ್ಣದ ನೀರಿಗೆ ಹೊಯ್ದು ಕಲಕಬೇಕು. ಆಮೇಲೆ ಪೀಶಕತ್ತಿ ಅದ್ದಿ ನೋಡಿ. ಅಲಗಿನಲ್ಲಿ ಕೆಂಪು ಕೂತರೆ ಸುಣ್ಣ ಸಾಲದು."

ಪುಸ್ತಕದೊಳಗೇ ‘ಧನ್ಯವಾದ’ ಬರೆದು ಮುಗಿಸಬಹುದಿತ್ತು. ಆದರೆ ತಪ್ಪನ್ನು ಜನ ಓದಿದ್ದು ಗೋಡೆಯಲ್ಲಿ. ಹಾಗಾಗಿ ಅವತ್ತೇ ಸಂಜೆ ಲೇಖನದ ಮೇಲೆಯೇ, ತಲೆಬರಹದಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಅಂಟಿಸಿದೆ. ಮದ್ದು ಬಿಡುವ ನಾಲ್ಕೈದು ಮನೆಗಳಿಗೆ ಫೋನೂ ಮಾಡಿದೆ.

ಮರುದಿನ ಅವರು ಪುನಃ ಬಂದು ಬರೆದಿದ್ದರು: "ಕಂಡಿತು. ಸುಣ್ಣ ಹೊಸತಾಗಿರಬೇಕು ಅಂತಲೂ ಸೇರಿಸಿ."

ಸೇರಿಸಿದೆ.