ಬೆಂಕಿಕಡ್ಡಿ, ವಾಲ್ವ್ ಟ್ಯೂಬು, ಜಾಲಿ ಮುಳ್ಳು: ನನ್ನ ರೇಖಾಗಣಿತದ ತರಗತಿ

ಆರು ಮತ್ತು ಏಳನೇ ತರಗತಿಗೆ ಆಕೃತಿಗಳ ಪಾಠವನ್ನು ಈಗ ನಾನು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದಲೇ (ಸೈಕಲ್ ಚಕ್ರದ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ) ಶುರು ಮಾಡುತ್ತೇನೆ. ಟ್ಯೂಬಿನ ತುಂಡುಗಳಿಗೆ ಕಡ್ಡಿಯ ತುದಿ ಸಿಕ್ಕಿಸಿ ಮಕ್ಕಳೇ ಆಕೃತಿ ಕಟ್ಟುತ್ತಾರೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಇದನ್ನು ಹೇಳಿದಾಗ, "ಆಟ ಆಡಿಸ್ತಾ ಕೂತ್ರೆ ಸಿಲಬಸ್ ಮುಗಿಯುತ್ತಾ ಸರ್?" ಎಂದವರೇ ಜಾಸ್ತಿ. ಮುಗಿಯಿತು. ಹೋದ ವರ್ಷಕ್ಕಿಂತ ಒಂದು ವಾರ ಮೊದಲೇ ಮುಗಿಯಿತು.

ಮೂಲ ಉಪಾಯ ನನ್ನದಲ್ಲ. 1970ರ ದಶಕದ ಕೊನೆಗೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದಲ್ಲಿ (ಶಾಲೆಗಳಲ್ಲಿ ಮಾಡಿ ಕಲಿಯುವ ವಿಜ್ಞಾನ ಬೋಧನೆಯ ಕಾರ್ಯಕ್ರಮ), ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರು ಮಾಡಿ ತೋರಿಸಿದ್ದು. ನಮ್ಮ ಮಕ್ಕಳಿಗೆ ಒಗ್ಗಿಸಿಕೊಂಡಿದ್ದು ಮಾತ್ರ ನಾನು.

ಅದಕ್ಕೆ ಮೊದಲು ದುಡ್ಡು ಹೋಗಿದ್ದು ಬೇರೆ ಕಡೆ. ಪ್ಲೈವುಡ್ಡಿಗೆ ಮೊಳೆ ಹೊಡೆಸಿ ಹತ್ತು ಜಿಯೋಬೋರ್ಡ್ (ಮೊಳೆಗಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಆಕೃತಿ ಮಾಡುವ ಹಲಗೆ) ಮಾಡಿಸಿದೆ. ಬಡಿಗರಿಗೆ ಹತ್ತಿರ ಹತ್ತಿರ 2,000 ರೂಪಾಯಿ ಕೊಟ್ಟ ನೆನಪು. ಚಪ್ಪಟೆ ಆಕೃತಿಗೆ ಅದು ಚೆನ್ನಾಗಿದೆ, ಘನಾಕೃತಿ ಬಂದ ಕೂಡಲೇ ಮೂಲೆ ಸೇರಿತು. ಜೇಡಿಮಣ್ಣಿನ ಉಂಡೆಗೆ ಕಡ್ಡಿ ಚುಚ್ಚಿಸಿದೆ. ಬಿಸಿಯೂಟ ಮುಗಿಸಿ ಬರುವಷ್ಟರಲ್ಲಿ ಒಣಗಿ ಬಿರುಕು. ಜೋಳದ ದಂಟಿನ ಬೆಂಡು ಪರವಾಗಿಲ್ಲ, ನಮ್ಮ ಹುಡುಗರು ಅದರಲ್ಲಿ ಬಂಡಿ ಮಾಡಿ ಪಳಗಿದವರು. ಆದರೆ ಒಮ್ಮೆ ಚುಚ್ಚಿದ ತೂತು ಸಡಿಲಾದರೆ ಮತ್ತೆ ಕಡ್ಡಿ ನಿಲ್ಲುವುದಿಲ್ಲ.

ಟ್ಯೂಬಿಗೆ ಇಡೀ ತರಗತಿಗೆ ಬಿದ್ದ ಖರ್ಚು ಸುಮಾರು 200 ರೂಪಾಯಿ, ಕಡ್ಡಿಗೆ ಇನ್ನೊಂದು 50. ಮದ್ದು ಕೆರೆದು ತೆಗೆದ ಮೇಲೆಯೇ ಕಡ್ಡಿ ಮಕ್ಕಳ ಕೈಗೆ. ಟ್ಯೂಬಿನ ತುಂಡು ಒಂದೂವರೆ ಸೆಂಟಿಮೀಟರ್ ಇದ್ದರೆ ಸಾಕು. ಮೂರು ಕಡ್ಡಿ ಸೇರುವ ಕಡೆ, ಎರಡು ಕಡ್ಡಿ ಸಿಕ್ಕಿಸಿದ ತುಂಡಿನ ನಡುವೆ ಜಾಲಿ ಮುಳ್ಳಿನಿಂದ ತೂತು ಮಾಡಿ, ಮೂರನೆಯದರ ತುದಿ ಚೂಪು ಮಾಡಿ ತೂರಿಸಿ. ಐದು ಕಡ್ಡಿಗಳನ್ನು ಒಂದೇ ಕಡೆ ಕೂಡಿಸಲು ನಾನೊಂದು ದಾರಿ ಕಂಡುಕೊಂಡಿದ್ದೇನೆ. ಅದನ್ನಿಲ್ಲಿ ಬರೆಯುವುದಿಲ್ಲ. ಶಾಲೆಗೆ ಬನ್ನಿ, ತೋರಿಸುತ್ತೇನೆ.

ಇದರ ನಿಜವಾದ ಲಾಭ ಅಲುಗಾಟದಲ್ಲಿದೆ. ಮರದ ಚೌಕ ಅಲ್ಲಾಡುವುದಿಲ್ಲ, ಹಾಗಾಗಿ ಏನನ್ನೂ ಹೇಳುವುದಿಲ್ಲ. ಕಡ್ಡಿಯ ಚೌಕವನ್ನು ಸುಮ್ನೆ ಒಂದು ಮೂಲೆಯಲ್ಲಿ ಒತ್ತಿದರೆ ವಜ್ರಾಕೃತಿ. ಬಾಹು ಅಷ್ಟೇ ಉದ್ದ, ಕೋನ ಬೇರೆ. ಒಬ್ಬ ಹುಡುಗಿ ಅದನ್ನು ಪೂರ್ತಿ ಒತ್ತಿ, ನಾಲ್ಕು ಕಡ್ಡಿಗಳೂ ಒಂದಕ್ಕೊಂದು ತಾಗುವಂತೆ ಹಿಡಿದು, "ಸರ್, ಈಗ ಒಳಗೆ ಜಾಗನೇ ಇಲ್ಲ" ಎಂದಳು. ಸುತ್ತಳತೆ ಅದೇ ನಾಲ್ಕು ಕಡ್ಡಿ, ವಿಸ್ತೀರ್ಣ ಸೊನ್ನೆ! ಈ ಎರಡನ್ನು ಬೇರೆ ಮಾಡಿ ತಿಳಿಸಲು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಒದ್ದಾಡಿದ್ದೆ.

ತ್ರಿಭುಜ ಜಗ್ಗುವುದಿಲ್ಲ ಎಂಬುದೂ ಕೈಗೇ ಗೊತ್ತಾಗುತ್ತದೆ. 12 ಕಡ್ಡಿಯ ಘನ ಕುಸಿದು ಬೀಳುತ್ತದೆ. ಆಗ ಚೌಕಗಳು ತ್ರಿಭುಜಗಳಾಗಲಿ ಎಂದು ಒಂದೊಂದು ಮುಖಕ್ಕೆ ಒಂದೊಂದು ಕರ್ಣ ಕಟ್ಟಿಸಿದೆ. ಅದಕ್ಕೆ ಬೆಂಕಿಕಡ್ಡಿ ಗಿಡ್ಡವಾಗುತ್ತದೆ, ತೆಂಗಿನ ಗರಿಯ ಕಡ್ಡಿ ಕತ್ತರಿಸಿಕೊಳ್ಳಿ. ಅಂಚು 4 ಸೆಂಟಿಮೀಟರ್ ಬಂದರೆ ಕರ್ಣ 5.6ರ ಆಸುಪಾಸು. ಐದು ಮುಖಕ್ಕೆ ಕಟ್ಟಿದರೂ ಒಂಚೂರು ಓಲಾಡುತ್ತದೆ, ಆರನೆಯದಕ್ಕೆ ಗಟ್ಟಿ.

ಒಂದು ಮಧ್ಯಾಹ್ನ ಆರು ಕಡ್ಡಿಯ ಚತುರ್ಮುಖಿಯನ್ನು (ನಾಲ್ಕು ತ್ರಿಭುಜ ಮುಖಗಳ ಘನಾಕೃತಿ) ಸೋಪಿನ ನೀರಲ್ಲಿ ಅದ್ದಿ ಎತ್ತಿದೆವು. ಆರು ಪೊರೆಗಳು ಒಳಗೆ ಒಂದೇ ಬಿಂದುವಿಗೆ ಬಂದು ಸೇರಿದವು. ಪಾಠಕ್ಕೆ ಸಂಬಂಧವಿಲ್ಲ, ಆದರೂ ಅರ್ಧ ಪೀರಿಯಡ್ ಅದಕ್ಕೇ ಕೊಟ್ಟೆ.

ಟ್ಯೂಬು ಕೊಳ್ಳುವಾಗ ಅಂಗಡಿಯಲ್ಲೇ ಎಳೆದು ನೋಡಿ. ಹಳೇ ಸ್ಟಾಕಾದರೆ ಕಡ್ಡಿ ತೂರಿಸುವಾಗಲೇ ಸೀಳುತ್ತದೆ.