ಜಿಂಕೆಗಳಿಗೆ ಜೋಳ ಸುರಿಯುವ ಮೊದಲು ಇದನ್ನು ಓದಿ

ಅಮೆರಿಕದಲ್ಲಿ ಕಾಡಂಚಿನಲ್ಲಿ ಮನೆ ಇದ್ದರೆ ಚಳಿಗಾಲದಲ್ಲಿ ಜಿಂಕೆಗಳು ಹಿತ್ತಿಲಿಗೇ ಬರುತ್ತವೆ. ಈ ಹಿಮದಲ್ಲಿ ಪಾಪ ಏನು ತಿನ್ನುತ್ತವೋ, ಒಂದು ಬಕೆಟ್ ಮೆಕ್ಕೆಜೋಳ ಹಾಕೋಣ ಅನಿಸುತ್ತದೆ. ದಯವಿಟ್ಟು ಹಾಕಬೇಡಿ. ಜಿಂಕೆ, ಎಲ್ಕ್ (ಜಿಂಕೆ ಜಾತಿಯದೇ ದೊಡ್ಡ ಪ್ರಾಣಿ) ಹಿಂಡುಗಳನ್ನು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಸೊರಗುವ ಕಾಯಿಲೆಯಿಂದ ಉಳಿಸಬೇಕು ಅಂದರೆ ಮೊದಲು ಮಾಡಬೇಕಾದ್ದು ಇದೇ.

ಈ ಕಾಯಿಲೆ ಮೊದಲು ಕಣ್ಣಿಗೆ ಬಿದ್ದದ್ದು 1967ರಲ್ಲಿ, ಕೊಲರಾಡೊದ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಮ್ಯೂಲ್ ಜಿಂಕೆಗಳಲ್ಲಿ. 1981ರಲ್ಲಿ ಅದೇ ರಾಜ್ಯದ ಕಾಡಿನ ಎಲ್ಕ್‌ನಲ್ಲೂ ಸಿಕ್ಕಿತು. ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ, ಕೆನಡಾದಲ್ಲೂ ಇದೆ. ಕಾರಣ ವೈರಸ್ ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ. ಪ್ರಿಯಾನ್, ಅಂದರೆ ಆಕಾರ ಕೆಟ್ಟ ಪ್ರೋಟೀನ್. ಅದು ಪಕ್ಕದ ಒಳ್ಳೆ ಪ್ರೋಟೀನನ್ನೂ ಕೆಡಿಸುತ್ತಾ ಹೋಗುತ್ತದೆ, ಕೊನೆಗೆ ಮಿದುಳು ಸ್ಪಂಜಿನ ಹಾಗೆ ತೂತು ತೂತಾಗುತ್ತದೆ. ಲಸಿಕೆ ಇಲ್ಲ, ಔಷಧಿ ಇಲ್ಲ, ಕಾಯಿಲೆ ಬಂದ ಪ್ರಾಣಿ ಬದುಕುವುದಿಲ್ಲ. ಪ್ರಿಯಾನ್ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಈಗ ಆ ಜೋಳದ ರಾಶಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಾಡಿನಲ್ಲಿ ಚದುರಿ ಮೇಯುವ ಏಳೆಂಟು ಜಿಂಕೆಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿರುತ್ತವೆ. ಒಂದರ ಬಾಯಿಂದ ಜೊಲ್ಲು ಮೆತ್ತಿಕೊಂಡು ಜಾರಿದ ಕಾಳು ಇನ್ನೊಂದರ ಬಾಯಿಗೆ ಹೋಗುತ್ತದೆ. ಅಲ್ಲೇ ಉಚ್ಚೆ, ಅಲ್ಲೇ ಹಿಕ್ಕೆ. ಕಾಯಿಲೆ ಹರಡುವುದೇ ಇವುಗಳಿಂದ. ನೋಡೋಕೆ ಎಲ್ಲವೂ ಚೆನ್ನಾಗಿಯೇ ಇವೆಯಲ್ಲ ಅನ್ನಬೇಡಿ, ಸೋಂಕು ತಗುಲಿದ ಮೇಲೂ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಏನೂ ಗೊತ್ತಾಗದೆ ಇರಬಹುದು, ಆದರೆ ಅಷ್ಟರಲ್ಲೇ ಅದು ಬೇರೆಯವಕ್ಕೆ ಹಂಚಲು ಶುರು ಮಾಡಿರುತ್ತದೆ. ಜಿಂಕೆಗಳು ನೆಕ್ಕಲಿ ಅಂತ ಉಪ್ಪಿನ ಗಡ್ಡೆ ಇಡುವುದೂ ಇದೇ ತಪ್ಪು. ಹಕ್ಕಿಗಳಿಗೆ ಹಾಕಿದ ಕಾಳು ಕೆಳಗೆ ಬೀಳುತ್ತದಲ್ಲ, ಅದನ್ನೂ ಗುಡಿಸಿ. ಪಕ್ಕದ ಮನೆಯವರು ಹಾಕುತ್ತಿದ್ದರೆ ಜಗಳ ಬೇಡ, ಈ ಜೊಲ್ಲಿನ ವಿಷಯ ಹೇಳಿ. ಪ್ರೀತಿಯಿಂದಲೇ ಹಾಕುತ್ತಿರುತ್ತಾರೆ, ಹಾಗಾಗಿ ಅರ್ಥವಾಗುತ್ತದೆ.

ಬೇಟೆಗೆ ಹೋಗುವವರು ಇದ್ದರೆ ಇನ್ನೂ ಕೆಲವು ಮಾತು. ಹೊಡೆದ ಪ್ರಾಣಿಯನ್ನು ಇಡಿಯಾಗಿ ಗಾಡಿಗೆ ಹೇರಿಕೊಂಡು ಬೇರೆ ಊರಿಗೆ ತರಬೇಡಿ. ಪ್ರಿಯಾನ್ ಜಾಸ್ತಿ ಇರುವುದು ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ (ಸ್ಪ್ಲೀನ್), ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್). ಮೂಳೆ ಬಿಡಿಸಿದ ಮಾಂಸ, ತಲೆ ಇಲ್ಲದ ಚರ್ಮ, ಚೆನ್ನಾಗಿ ತೊಳೆದ ಕೊಂಬು, ಇಷ್ಟನ್ನು ತರಲು ಸಾಮಾನ್ಯವಾಗಿ ಅನುಮತಿ ಇರುತ್ತದೆ. ನಿಯಮ ರಾಜ್ಯಕ್ಕೊಂದು ಥರ, ಹೊರಡುವ ಮೊದಲೇ ನೋಡಿಕೊಳ್ಳಿ. ಉಳಿದದ್ದನ್ನು ಕಾಡಿನಂಚಿಗೆ ಎಸೆಯಬೇಡಿ, ಚೀಲದಲ್ಲಿ ಕಟ್ಟಿ ವನ್ಯಜೀವಿ ಇಲಾಖೆ ಹೇಳಿದ ಜಾಗಕ್ಕೆ ಹಾಕಿ. ಕೊಯ್ಯುವಾಗ ಗ್ಲೌಸ್ ಇರಲಿ. ಸ್ಟೀಲ್ ಚಾಕುವಿಗೆ ಅಂಟಿದ ಮಾಂಸ, ರಕ್ತ ಎಲ್ಲ ಉಜ್ಜಿ ತೆಗೆದು, 2 ಪಾಲು ಮನೆಯ ಬ್ಲೀಚ್‌ಗೆ 3 ಪಾಲು ನೀರು ಬೆರೆಸಿ 5 ನಿಮಿಷ ನೆನೆಸಿ. ಸುಮ್ನೆ ಕುದಿಸಿದರೆ ಪ್ರಿಯಾನ್ ಹೋಗುವುದಿಲ್ಲ. ತಲೆಯನ್ನು ಪರೀಕ್ಷೆಗೆ ಕೊಡಿ, ಫಲಿತಾಂಶ ಬರುವ ತನಕ ಮಾಂಸ ಫ್ರೀಜರ್‌ನಲ್ಲೇ ಇರಲಿ. ಮನುಷ್ಯರಿಗೆ ಈ ಕಾಯಿಲೆ ಬಂದ ಖಚಿತ ಉದಾಹರಣೆ ಇಲ್ಲ, ಆದರೂ ಸೋಂಕಿದ್ದ ಪ್ರಾಣಿಯ ಮಾಂಸ ತಿನ್ನಬೇಡಿ ಅಂತಲೇ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಜಿಂಕೆಗಳನ್ನು ಸೆಳೆಯಲು ನಿಜವಾದ ಜಿಂಕೆ ಉಚ್ಚೆಯನ್ನು ಬಾಟಲಿಯಲ್ಲಿ ಮಾರುತ್ತಾರೆ, ಅದನ್ನು ಮುಟ್ಟಲೇಬೇಡಿ.

ಒಂಟಿ ಮರಿ ಕಂಡರೆ ಎತ್ತಿಕೊಂಡು ಬೇರೆ ಕಡೆ ಸಾಗಿಸಬೇಡಿ. ತಾಯಿ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ, ಸಾಗಿಸಿದರೆ ಕಾಯಿಲೆಯೂ ಜೊತೆಗೆ ಹೋಗಬಹುದು.

ಪಕ್ಕೆಲುಬು ಎಣಿಸುವಷ್ಟು ಬಡಕಲಾಗಿ, ಕಿವಿ ಜೋತುಬಿಟ್ಟು, ತಲೆ ತಗ್ಗಿಸಿ, ಜೊಲ್ಲು ಸುರಿಸುತ್ತಾ ನಿಂತ ಜಿಂಕೆ ಕಂಡರೆ, ನೀವು ಹೋದರೂ ಹೆದರಿ ಓಡದಿದ್ದರೆ, ಅಲ್ಲೇ ನಿಲ್ಲಿ. ನಾಯಿ ಜೊತೆಗಿದ್ದರೆ ಹಿಡಿದುಕೊಳ್ಳಿ. ದೂರದಿಂದ ಒಂದು ಫೋಟೋ ತೆಗೆದು, ಜಾಗ ಮತ್ತು ಹೊತ್ತು ಬರೆದಿಟ್ಟುಕೊಂಡು, ಆವತ್ತೇ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ.